ಪೇಂಟ್ ಮಾಡಿಸುವ ಮೊದಲು ಗೋಡೆ ಕೆರೆಸಿ, ಎದುರಿಗೇ ನಿಂತು ಕೆರೆಸಿ

ಚಕ್ಕೆ ಎದ್ದ ಗೋಡೆ ಮೇಲೆ ಸೀದಾ ಪುಟ್ಟಿ (ಗೋಡೆ ನುಣ್ಣಗಾಗಲು ಬಣ್ಣದ ಅಡಿ ಬಳಿಯುವ ಬಿಳಿ ಲೇಪ) ಎಳೆದು ಬಣ್ಣ ಹೊಡೆದುಕೊಡುತ್ತೇನೆ ಅನ್ನುವ ಮೇಸ್ತ್ರಿ ಸಿಕ್ಕರೆ ಅಡ್ವಾನ್ಸ್ ಕೊಡಬೇಡಿ. ರೇಟು ಎಷ್ಟೇ ಕಡಿಮೆ ಇರಲಿ.

ಶಿವಮೊಗ್ಗದಲ್ಲಿ ನಮ್ಮದು ಹಳೇ ಮನೆ. ಬೇಸಿಗೆಯಲ್ಲಿ ಅಕ್ಕನ ಮಗಳ ಮದುವೆ ಇತ್ತು, ಅದಕ್ಕೇ ಒಳಗೆಲ್ಲ ಬಣ್ಣ ಮಾಡಿಸಿದೆವು. ನಡುಮನೆ ಗೋಡೆಯ ಬಣ್ಣ ಆಗಲೇ ಹಪ್ಪಳದ ಹಾಗೆ ಎದ್ದಿತ್ತು. ಕೆರೆದು ತೆಗೀಬೇಕಲ್ವಾ ಅಂತ ಅಮ್ಮ ಕೇಳಿದರು. "ಏನೂ ಬೇಡಮ್ಮ, ಎರಡು ಕೋಟ್ ಪುಟ್ಟಿ ಬಿದ್ರೆ ಎಲ್ಲ ಮುಚ್ಚಿಹೋಗುತ್ತೆ" ಅಂದ ಮೇಸ್ತ್ರಿ. ನಾವು ಬಿಡಲಿಲ್ಲ. ಕೆರೆಯುವ ಕೂಲಿಯನ್ನೂ ಸೇರಿಸಿಯೇ ರೇಟು ಮಾತಾಡಿದೆವು. ಆದರೆ ನಾವು ಮದುವೆ ಕರೆಯಲು ಊರೂರು ತಿರುಗುತ್ತಿದ್ದಾಗ ಅವರು ಕೈಗೆ ಸಿಕ್ಕ ಚಕ್ಕೆ ಮಾತ್ರ ಉದುರಿಸಿ ಪುಟ್ಟಿ ಬಳಿದುಬಿಟ್ಟಿದ್ದರು. ಬಂದು ನೋಡಿದರೆ ಗೋಡೆ ನುಣ್ಣಗಿತ್ತು. ಕೆರೆದಿದ್ದಾರೋ ಇಲ್ಲವೋ ಯಾರಿಗೆ ಗೊತ್ತಾಗುತ್ತದೆ?

ಮದುವೆ ಫೋಟೋದಲ್ಲೇನೋ ಗೋಡೆ ಚೆನ್ನಾಗೇ ಬಂದಿದೆ. ಆಷಾಢದ ಮಳೆ ಹಿಡಿದ ಮೇಲೆ ಶುರುವಾಯಿತು. ಮೊದಲು ಕಿಟಕಿ ಕೆಳಗೆ ಒಂದು ಉಬ್ಬು. ಆಮೇಲೆ ಸೋಫಾ ಹಿಂದೆ ಪೂರ್ತಿ. ಬೆರಳು ತಾಗಿದರೆ ಸಾಕು, ಅಂಗೈ ಅಗಲದ ಚಕ್ಕೆ ಕಳಚಿ ಬರುತ್ತಿತ್ತು. ಫೋನ್ ಮಾಡಿದರೆ "ನಿಮ್ಮ ಗೋಡೆನೇ ಥಂಡಿ ಸರ್, ನಾನೇನ್ ಮಾಡ್ಲಿ" ಅಂತ ಉತ್ತರ.

ಆ ಚಕ್ಕೆಯ ಅಂಚಿನಲ್ಲೇ ಎಲ್ಲ ಕಾಣುತ್ತಿತ್ತು. ಮೇಲೆ ಈಗ ಹೊಡೆದ ಎಮಲ್ಷನ್ ಬಣ್ಣ, ಅದರಡಿ ಬಿಳಿ ಪುಟ್ಟಿ, ಆಮೇಲೆ ಹಿಂದಿನ ಗುಲಾಬಿ ಡಿಸ್ಟೆಂಪರ್ ಬಣ್ಣ, ತಳದಲ್ಲಿ ನೀಲಿ ಬೆರೆಸಿದ ಹಳೇ ಸುಣ್ಣ. ಹಿಂಬದಿ ಸವರಿದರೆ ಬೆರಳಿಗೆಲ್ಲ ಸುಣ್ಣದ ಹಿಟ್ಟು. ಅಂದರೆ ಮೇಲಿನ ಮೂರೂ ಪದರ ಒಂದಕ್ಕೊಂದು ಗಟ್ಟಿಯಾಗಿಯೇ ಅಂಟಿಕೊಂಡಿದ್ದವು, ಕೈಕೊಟ್ಟಿದ್ದು ಕೆಳಗಿನ ಸುಣ್ಣ. ಪುಟ್ಟಿ, ಬಣ್ಣ ಒಣಗುವಾಗ ಸ್ವಲ್ಪ ಕುಗ್ಗುತ್ತವೆ, ಅಡಿಯ ಸಡಿಲ ಪದರವನ್ನು ಎಳೆಯುತ್ತವೆ. ಮೇಲಿಂದ ಮಳೆಗಾಲದ ತೇವ ಬೇರೆ. ಡಬ್ಬಿ ಎಷ್ಟು ದುಬಾರಿಯಾದರೂ ಇದನ್ನು ತಡೆಯಲ್ಲ.

ನಿಮ್ಮ ಮನೆಯಲ್ಲೂ ಚಕ್ಕೆ ಏಳುತ್ತಿದ್ದರೆ ಒಂದನ್ನು ಕಿತ್ತು ಹಿಂಬದಿ ನೋಡಿ. ಹಿಟ್ಟು ಅಂಟಿದ್ದರೆ ಆ ಸಡಿಲ ಸುಣ್ಣವೂ ಹೋಗುವವರೆಗೆ ಕೆರೆಸಲೇಬೇಕು. ಮರಳು ಕಿತ್ತು ಬಂದಿದ್ದರೆ ಗಾರೆಯೇ ಸತ್ತಿದೆ, ಅಲ್ಲಿ ಪೇಂಟರ್‌ಗಿಂತ ಮೊದಲು ಗಾರೆಯವನು ಬೇಕು. ಬಿಳಿ ಉಪ್ಪು ಕಟ್ಟಿದ್ದರೆ ಒಣ ಬ್ರಶ್‌ನಲ್ಲಿ ಉಜ್ಜಿ ತೆಗೆಸಿ. ನೀರು ಹಾಕಿ ತೊಳೆದರೆ ಆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಉಪ್ಪು ಕಟ್ಟಿದೆ ಅಂದರೆ ನೀರು ಎಲ್ಲಿಂದಲೋ ಬರುತ್ತಿದೆ ಅಂತಲೇ ಲೆಕ್ಕ. ಗೋಡೆಯ ಆಚೆ ಬಚ್ಚಲಿದೆಯಾ, ಸೂರಿನ ಪೈಪ್ ಸೋರುತ್ತಾ ನೋಡಿ. ಅದು ಸರಿಯಾಗಿ, ಗೋಡೆ ಒಣಗುವ ತನಕ ಬಣ್ಣದ ಮಾತೇ ಬೇಡ.

ಕೆರೆದಿದ್ದು ಸಾಕಾ ಅಂತ ತಿಳಿಯಲು ಸೆಲ್ಲೋ ಟೇಪ್ ಒತ್ತಿ ಅಂಟಿಸಿ ಸರ್ರನೆ ಎಳೆಯಿರಿ. ಬಣ್ಣವೋ ಪುಡಿಯೋ ಟೇಪಿಗೆ ಬಂದರೆ ಇನ್ನೂ ಕೆರೆಯಬೇಕು. ಉಳಿದ ಬಣ್ಣದ ಅಂಚನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ಸಮ ಮಾಡಿ, ಧೂಳು ಒರೆಸಿ, ಆಮೇಲೆ ಪುಟ್ಟಿ, ಪ್ರೈಮರ್ (ಬಣ್ಣ ಹಿಡಿಯಲು ಬಳಿಯುವ ಅಡಿ ಕೋಟ್). ಕೆರೆದ ಗೋಡೆಯನ್ನು ನೀವು ನೋಡುವವರೆಗೂ ಪುಟ್ಟಿ ಚೀಲ ಬಿಚ್ಚಬಾರದು ಅಂತ ಮೊದಲೇ ಹೇಳಿ. ದುಡ್ಡನ್ನೂ ಹಾಗೇ ಭಾಗ ಮಾಡಿ, ಕೆರೆದದ್ದು ನೋಡಿದ ಮೇಲೆ ಒಂದು ಕಂತು.

ಹಳೇ ಕಿಟಕಿ ಸರಳು, ಬಾಗಿಲಿನ ಎಣ್ಣೆ ಬಣ್ಣದ ವಿಷಯ ಬೇರೆ, ಜಾಸ್ತಿ ಹುಷಾರಾಗಿರಬೇಕಾದ್ದೇ ಅಲ್ಲಿ. ಅದರಲ್ಲಿ ಸೀಸ ಇರಬಹುದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ಕೇಂದ್ರದ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಸೀಸದ ಧೂಳು ಚಿಕ್ಕ ಮಕ್ಕಳ ಮೆದುಳಿಗೆ ಕೆಟ್ಟದ್ದು, ಬಸುರಿಯರಿಗೂ ಅಪಾಯ. ನಮ್ಮಲ್ಲಿ ಬಾಗಿಲನ್ನು ಮಷೀನ್ ಹಾಕಿ ನೀರಿಲ್ಲದೆ ಒಣದಾಗೇ ಉಜ್ಜಲು ಹೊರಟಿದ್ದರು, ಅಮ್ಮ ನೋಡಿ ನಿಲ್ಲಿಸಿದರು. ಉಜ್ಜುವುದಾದರೆ ವಾಟರ್ ಪೇಪರ್‌ನಲ್ಲಿ (ನೀರಿಗೆ ಹಾಳಾಗದ ಎಮರಿ ಪೇಪರ್) ನೀರು ಹಾಕಿಕೊಂಡೇ ಉಜ್ಜಿಸಿ. ಕೆಲಸದವರಿಗೆ ಕಡೇಪಕ್ಷ ಎನ್95 ಮಾಸ್ಕ್ ಆದರೂ ಕೊಡಿ, ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು. ಮಕ್ಕಳನ್ನು ಅವತ್ತು ಬೇರೆ ಮನೆಗೆ ಕಳಿಸಿ. ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.