ಡೇಪಾ ಎಣ್ಣೆ: ದರಗು ಗುಡಿಸುವವರ ಕಾಲಿಗೆ ಎಷ್ಟು ಕಾವಲು?

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಕಾಣಿಸುವ ಮಲೆನಾಡಿನ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಡುವ ಡೇಪಾ ಎಣ್ಣೆ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಹಿಂದೆ ಹಂಚುತ್ತಿದ್ದ ಡಿಎಂಪಿ ಎಣ್ಣೆಯ ಜಾಗಕ್ಕೆ ಇದು ಬಂದಿದೆ. ಹಚ್ಚುವ ಮೊದಲು ತಿಳಿದಿರಬೇಕಾದ್ದು ಒಂದೇ: ಈ ಎಣ್ಣೆ ಉಣುಗನ್ನು ಕೊಲ್ಲುವುದಲ್ಲ, ಮೈಗೆ ಹತ್ತದಂತೆ ದೂರ ಇಡುವುದು. ಹಚ್ಚದೆ ಬಿಟ್ಟ ನಾಲ್ಕು ಬೆರಳಗಲ ಜಾಗವೇ ಅದಕ್ಕೆ ದಾರಿ.

ಉಣುಗು ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ದರಗು (ಒಣ ತರಗೆಲೆ), ಗಿಡಗಂಟಿಯ ತುದಿಯಲ್ಲಿ ಕಾದು ಕೂತು, ತಾಗಿದವರ ಪಾದಕ್ಕೆ ಹತ್ತಿ ಮೇಲೇರುತ್ತದೆ. ಹಾಗಾಗಿ ಮುಖ, ಕೈಗೆ ಸವರಿಕೊಂಡು ಹೊರಟರೆ ಪ್ರಯೋಜನವಿಲ್ಲ. ಬೆರಳ ಸಂದು, ಹಿಮ್ಮಡಿ, ಕಣಕಾಲು, ಮೊಣಕಾಲ ಹಿಂಭಾಗ ಮೊದಲು, ಆಮೇಲೆ ಕೈ. ದರಗಿನ ಹೆಡಿಗೆ (ಬುಟ್ಟಿ) ಹೊರುವವರು ಕುತ್ತಿಗೆ, ಹೆಗಲಿಗೂ ಹಚ್ಚಲೇಬೇಕು, ಏಕೆಂದರೆ ದರಗಿನ ಜೊತೆ ಉಣುಗೂ ತಲೆಮೇಲೇ ಬರುತ್ತದೆ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ.

ಕೊರತೆ ಇರುವುದು ಲೆಕ್ಕದಲ್ಲಿ. ಕಾಲು, ಕೈ, ಕುತ್ತಿಗೆಗೆ ಸೇರಿ ಒಂದು ಸಲಕ್ಕೆ ಟೀ ಚಮಚದಷ್ಟು, ಅಂದರೆ 5 ಮಿಲಿ ಹಿಡಿಯಿರಿ. ಬೆವರಿಗೆ ತೊಳೆದುಹೋಗುವುದರಿಂದ ಮಧ್ಯಾಹ್ನ ಮತ್ತೊಮ್ಮೆ. ದಿನಕ್ಕೆ 10 ಮಿಲಿಯಾದರೆ 100 ಮಿಲಿ ಎಣ್ಣೆ ಒಬ್ಬರಿಗೆ ಹತ್ತೇ ದಿನ. ಇಬ್ಬರು ದುಡಿಯುವ ಮನೆಗೆ ಅಷ್ಟು ಹಿಡಿಯುವ ಒಂದು ಬಾಟಲಿ ಒಂದು ವಾರವೂ ಬಾರದು. ಆದರೆ ಉಣುಗಿನ ಮರಿಗಳ ಕಾಟ ನವೆಂಬರಿನಿಂದ ಮೇವರೆಗೆ, ದರಗು ಒಟ್ಟುವ ಕೆಲಸವೂ ಆಗಲೇ. ಉಳಿಸಿ ಉಳಿಸಿ ಹಚ್ಚಿದರೆ ಹಚ್ಚದ ಹಾಗೇ.

ದನಕ್ಕೆ ಇದನ್ನು ಬಳಿಯಬೇಡಿ. ಅದಕ್ಕೆ ಪಶುವೈದ್ಯರು ಕೊಡುವ ಔಷಧವೇ ಬೇರೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಬೆಳೆದ ಉಣುಗು ರಕ್ತ ಕುಡಿದು ಮೊಟ್ಟೆಯಿಡುವಷ್ಟು ಕೊಬ್ಬುವುದು ದನದ ಮೈಮೇಲೆ. ಕಾಡು ಕಡಿದ ಅಂಚಿನಲ್ಲಿ ಪೊದೆ ಬೆಳೆದು, ಅಲ್ಲೇ ದನ ಮೇದು, ಅಲ್ಲಿಗೇ ಮಂಗ, ಮನುಷ್ಯರೂ ಬಂದರೆ ಕಾಯಿಲೆಗೆ ಬೇಕಾದ್ದೆಲ್ಲ ಒಂದೇ ಕಡೆ ಸಿಕ್ಕಂತೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಜ್ವರ 1982-83ರಲ್ಲಿ ಬೆಳ್ತಂಗಡಿ ಕಡೆ ಗೇರು ತೋಪಿಗಾಗಿ ಕಾಡು ಸವರಿದ ಬೆನ್ನಿಗೇ ಅಲ್ಲಿ ಹಬ್ಬಿತು. ಬಾಟಲಿಯ ಎಣ್ಣೆ ಈ ಅಂಚನ್ನು ಸರಿಮಾಡದು.

ಆದ್ದರಿಂದ ಎಣ್ಣೆಯ ಜೊತೆಗೆ ತಿಳಿಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ. ತಿಳಿಬಣ್ಣ ಏಕೆಂದರೆ ಮರಿ ಉಣುಗು ಎಳ್ಳುಕಾಳಿಗಿಂತ ಸಣ್ಣದು, ಕಪ್ಪು ಬಟ್ಟೆಯಲ್ಲಿ ಕಣ್ಣಿಗೆ ಬೀಳದು. ಮನೆಗೆ ಬಂದವರು ಬಟ್ಟೆಯನ್ನು ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಬೇಕು. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಇನ್ನೊಬ್ಬರು ನೋಡಬೇಕು. ಕಚ್ಚಿಕೊಂಡಿದ್ದರೆ ಚೂಪು ಚಿಮಟದಲ್ಲಿ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೀಡಿಯ ಕೆಂಡ, ಉಗುರಿನಲ್ಲಿ ಹೊಸಕುವುದು ಬೇಡವೇ ಬೇಡ.

ಮಂಗ ಸತ್ತುಬಿದ್ದ ಜಾಗಕ್ಕೆ ಎಷ್ಟು ಎಣ್ಣೆ ಹಚ್ಚಿದ್ದರೂ ಹೋಗಬಾರದು. ಹೆಣ ತಣ್ಣಗಾದಂತೆ ಅದರ ಉಣುಗೆಲ್ಲ ನೆಲಕ್ಕಿಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿದರೆ ಸುತ್ತ ಉಣುಗು ಕೊಲ್ಲುವ ಪುಡಿ ಎರಚುತ್ತಾರೆ.

ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತ ಮೇಲೆ ಈ ಎಣ್ಣೆಯ ಮೇಲಿನ ಭಾರ ಹೆಚ್ಚಿದೆ. ಕೊಳ್ಳಲೂ, ಕೇಳಿ ಪಡೆಯಲೂ ಯೋಗ್ಯ ಸರಕು, ಸಂದೇಹವಿಲ್ಲ. ಆದರೆ ಬೇಕಿರುವುದು ತಲೆಗೊಂದು ಬಾಟಲಿ, ಮನೆಗೊಂದಲ್ಲ. ಕಾಡಿಗೆ ಹೋಗಿಬಂದ 3ರಿಂದ 8 ದಿನದೊಳಗೆ ಏಕಾಏಕಿ ಜ್ವರ, ತಲೆನೋವು, ಸೊಂಟ-ಕಾಲು ನೋವು ಬಂದರೆ ಎಣ್ಣೆ ಹಚ್ಚಿದ್ದೆವಲ್ಲ ಎಂದು ಕೂರದೆ ಅದೇ ದಿನ ರಕ್ತಪರೀಕ್ಷೆಗೆ ಕೊಡಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ.