ಡಿಸ್ಕ್ ತೊಂದರೆ ಇದ್ದವರು ಜಿಮ್ ಚಾರ್ಟ್ ಶುರು ಮಾಡುವ ಮುನ್ನ ಓದಿ

ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಅನ್ನುವ ಎಂಆರ್‌ಐ ರಿಪೋರ್ಟ್ ಹಿಡಿದುಕೊಂಡೇ ನಾನು ಜಿಮ್ ಸೇರಿದ್ದು. ನೋವು ಇಳಿದಿತ್ತು, ಡಾಕ್ಟರ್ ಕೂಡ ಬೆನ್ನಿಗೆ ಬಲ ಬರಲಿ, ವ್ಯಾಯಾಮ ಮಾಡಿ ಅಂದಿದ್ದರು. ಟ್ರೈನರ್ ರಿಪೋರ್ಟನ್ನು ಕವರ್‌ನಿಂದ ಹೊರಗೂ ತೆಗೆಯಲಿಲ್ಲ. "ಏನೂ ಆಗಲ್ಲ ಸಾರ್, ಬೆಲ್ಟ್ ಹಾಕ್ಕೊಳ್ಳಿ" ಅಂದವರೇ ಎಲ್ಲರಿಗೂ ಕೊಡುವ ಫೈವ್-ಬೈ-ಫೈವ್ ಚಾರ್ಟನ್ನು (ಐದು ಸೆಟ್, ಸೆಟ್ಟಿಗೆ ಐದು ರೆಪ್, ಅಂದರೆ ಐದು ಸಲ ಎತ್ತುವುದು) ವಾಟ್ಸಾಪ್ ಮಾಡಿದರು.

ವಾರಕ್ಕೆ 3 ದಿನ, ಮೂರೂ ದಿನ ಸ್ಕ್ವಾಟ್, ಅಂದರೆ ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು. ಪ್ರತಿ ಸಲ 2.5 ಕೆಜಿ ಜಾಸ್ತಿ, ಡೆಡ್‌ಲಿಫ್ಟ್‌ಗೆ (ನೆಲದ ಮೇಲಿನ ಬಾರ್ ಬಗ್ಗಿ ಎತ್ತುವುದು) 5 ಕೆಜಿ. ಬೆನ್ನು ಗಟ್ಟಿಯಿರುವ ಹೊಸಬರಿಗೆ ಒಳ್ಳೆಯ ಚಾರ್ಟೇ, ಸುಳ್ಳು ಹೇಳಲ್ಲ. ಆದರೆ ಅದರಲ್ಲಿ ಭಾರ ಏರುವುದು ದಿನದ ಲೆಕ್ಕಕ್ಕೆ. ನಿನ್ನೆ ರಾತ್ರಿ ಸೊಂಟ ಹಿಡಿದುಕೊಂಡಿತ್ತಾ ಅಂತ ಅದು ಕೇಳಲ್ಲ. ಸುಸ್ತಾದಾಗ ಕೊನೆಯ ರೆಪ್‌ಗಳಲ್ಲಿ ಬೆನ್ನು ಗೂನಾಗುತ್ತದೆ, ಆಗ ಡಿಸ್ಕ್ ಹಿಂದಕ್ಕೆ, ನರದ ಕಡೆಗೆ ಒತ್ತುತ್ತದೆ. ಸಾಲದ್ದಕ್ಕೆ ನನ್ನದು ಬೆಳಗಿನ ಜಾವದ ಬ್ಯಾಚ್. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಎದ್ದ ಕೂಡಲೇ ಬಗ್ಗಿದರೆ ಅದರ ಮೇಲೆ ಒತ್ತಡ ಹೆಚ್ಚು. ಇದನ್ನು ನನಗೆ ಹೇಳಿದ್ದು ಫಿಸಿಯೋ, ಅದೂ ಆಗಬಾರದ್ದು ಆದಮೇಲೆ.

ಆದದ್ದೇನೆಂದರೆ, ಡೆಡ್‌ಲಿಫ್ಟ್ ಮಾಡುವಾಗ ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೆ ಕರೆಂಟ್ ಹೊಡೆದಂತಾಯಿತು. "ಮಸಲ್ ಪೇನ್ ಸಾರ್, ನೋ ಪೇನ್ ನೋ ಗೇನ್" ಅಂದು ಟ್ರೈನರ್ ಇನ್ನೊಂದು ಸೆಟ್ ಮಾಡಿಸಿದರು! ಮರುದಿನ ಸಾಕ್ಸ್ ಹಾಕಿಕೊಳ್ಳಲೂ ಮನೆಯವರ ಸಹಾಯ ಬೇಕಾಯಿತು. ನೆನಪಿಡಿ: ಸ್ನಾಯುನೋವು ಎತ್ತಿದ ಜಾಗದಲ್ಲೇ ಇರುತ್ತದೆ, ಕೆಲವು ದಿನದಲ್ಲಿ ತಾನೇ ಇಳಿಯುತ್ತದೆ. ಮಂಡಿಯಿಂದ ಕೆಳಗೆ ಹರಿಯುವ ನೋವು, ಜುಮ್ಮೆನ್ನುವುದು, ಕೆಮ್ಮಿದರೆ ಜಾಸ್ತಿಯಾಗುವುದು, ಇವು ನರದ ಕಡೆ ಬೆರಳು ತೋರಿಸುತ್ತವೆ. ಅಲ್ಲಿಗೆ ಬಾರ್ ಕೆಳಗಿಡಿ, ಯಾರು ಏನೇ ಅನ್ನಲಿ.

ಹಾಗಂತ ಡೆಡ್‌ಲಿಫ್ಟ್ ಜನ್ಮಕ್ಕೇ ಬೇಡ ಅಂತಲ್ಲ. ಫಿಸಿಯೋ ಶುರು ಮಾಡಿಸಿದ್ದು ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮಗಳಿಂದ: ಕರ್ಲ್-ಅಪ್ (ಅಂಗಾತ ಮಲಗಿ ತಲೆ-ಹೆಗಲು ಸ್ವಲ್ಪವೇ ಎತ್ತುವುದು), ಸೈಡ್ ಪ್ಲ್ಯಾಂಕ್ (ಮಗ್ಗುಲಾಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು), ಬರ್ಡ್-ಡಾಗ್ (ಅಂಬೆಗಾಲಲ್ಲಿ ನಿಂತು ಒಂದು ಕೈ, ಎದುರು ಬದಿಯ ಕಾಲು ಚಾಚುವುದು). ನೋಡಿದರೆ ನಗು ಬರುತ್ತೆ, ಮಾಡಿದರೆ ಬೆವರು. ಆಮೇಲೆ ಬೆಂಚಿಗೆ ಎದೆಯೊರಗಿಸಿ ರೋ (ಭಾರವನ್ನು ಮೈಕಡೆಗೆ ಎಳೆಯುವುದು), ಹಗುರ ಗಾಬ್ಲೆಟ್ ಸ್ಕ್ವಾಟ್ (ಎದೆಯ ಮುಂದೆ ಭಾರ ಹಿಡಿದು ಕೂತೇಳುವುದು), ಎತ್ತರದ ಪೆಟ್ಟಿಗೆ ಮೇಲಿಟ್ಟ ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು) ಎತ್ತುವುದು. ಮಾರನೇ ಬೆಳಿಗ್ಗೆ ನೋವು ಕಾಲಿಗೆ ಹರಿಯದಿದ್ದರೆ ಮಾತ್ರ ಮುಂದಿನ ಭಾರ. ಎಲ್ಲರಿಗೂ ಇದೇ ಪಟ್ಟಿ ಅಲ್ಲ. ಬಗ್ಗಿದರೆ ನೋವಾಗುವವರಿದ್ದಾರೆ, ಹಿಂದಕ್ಕೆ ಬಾಗಿದರೆ ನೋವಾಗುವವರೂ ಇದ್ದಾರೆ. ನಿಮ್ಮನ್ನು ಬಗ್ಗಿಸಿ ನೋಡದೆ ಚಾರ್ಟ್ ಕೊಡುವವರ ಹತ್ತಿರ ವರ್ಷದ ಪ್ಯಾಕೇಜ್ ಕಟ್ಟಬೇಡಿ. ನನ್ನ ದುಡ್ಡು ವಾಪಸ್ ಬರಲಿಲ್ಲ, "ನಾನ್-ರಿಫಂಡಬಲ್" ಅಂತ ರಸೀದಿಯ ಹಿಂದೆ ಸಣ್ಣಕ್ಷರದಲ್ಲಿತ್ತು.

ಇನ್ನೊಂದು ಮಾತು. ಪಾದ ಎತ್ತಲು ಆಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಅದರ ಮೇಲೆ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯಬೇಡಿ. ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.