ಜಿನೀವಾದ ದೂರು ಸೇವೆ: ಶುಲ್ಕವಿಲ್ಲ, ಅವಸರವೂ ಇಲ್ಲ

ಸರ್ಕಾರವೇ ಒಂದು ಜನಾಂಗದ ಭಾಷೆ, ನೆಲ, ಆಚರಣೆಯ ಮೇಲೆ ಕೈಯಿಟ್ಟು, ದೇಶದೊಳಗಿನ ನ್ಯಾಯಾಲಯಗಳೂ ಅದರ ತಾಳಕ್ಕೆ ಕುಣಿಯತೊಡಗಿದಾಗ ಉಳಿಯುವ ಕೆಲವೇ ಬಾಗಿಲುಗಳಲ್ಲಿ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ ಒಂದು. ವಕೀಲರು ಕಡ್ಡಾಯವಲ್ಲ. ಅನ್ಯಾಯವನ್ನು ಅಧಿಕೃತ ದಾಖಲೆಗೆ ತರಲು ಇದು ಒಳ್ಳೆಯ ಸೇವೆ. ಬೇಗ ಪರಿಹಾರ ಬೇಕೆನ್ನುವವರಿಗೆ ಅಲ್ಲ. 1984ರಲ್ಲಿ ಕೆನಡಾದ ಲುಬಿಕಾನ್ ಲೇಕ್ ಮೂಲನಿವಾಸಿ ಸಮುದಾಯ ಕೊಟ್ಟ ದೂರು ತೀರ್ಮಾನವಾದದ್ದು 1990ರಲ್ಲಿ.

ಮೊದಲು ನೋಡಬೇಕಾದ್ದು ದೇಶದ ಒಪ್ಪಿಗೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಜೊತೆಗೆ ವ್ಯಕ್ತಿಗಳ ದೂರಿಗೆ ಅವಕಾಶ ಕೊಡುವ ಅದರ ಮೊದಲ ಐಚ್ಛಿಕ ಪ್ರೋಟೋಕಾಲನ್ನೂ (ಪೂರಕ ಒಪ್ಪಂದ) ದೇಶ ಒಪ್ಪಿರಬೇಕು. ಚೀನಾ 1998ರಲ್ಲಿ ಒಡಂಬಡಿಕೆಗೆ ಸಹಿ ಹಾಕಿತಾದರೂ ಅನುಮೋದಿಸಿಲ್ಲ, ಹಾಗಾಗಿ ಅದರ ವಿರುದ್ಧ ಇಲ್ಲಿ ದೂರು ನಡೆಯದು. ಒಪ್ಪಿದ ದೇಶ ಹೊರನಡೆಯಲೂಬಹುದು: ಬೆಲಾರೂಸ್ 2022ರಲ್ಲಿ ಪ್ರೋಟೋಕಾಲ್ ತೊರೆಯುವುದಾಗಿ ತಿಳಿಸಿತು, 2023ರ ಫೆಬ್ರವರಿಯಲ್ಲಿ ಅದು ಜಾರಿಗೂ ಬಂತು. ಆರೋಪಿಯೇ ಮೂರು ತಿಂಗಳ ನೋಟಿಸ್ ಕೊಟ್ಟು ಎದ್ದುಹೋಗಬಹುದಾದ ಕಟಕಟೆ ಇದು! ಹೊರನಡೆದದ್ದು ಜಾರಿಗೆ ಬರುವ ಮುನ್ನ ಸಲ್ಲಿಸಿದ ದೂರು ಮಾತ್ರ ಊರ್ಜಿತ. ಆಳ್ವಿಕೆ ಬಿಗಿಯಾಗುತ್ತಿರುವ ಕಡೆ ತಡಮಾಡಬಾರದು ಎನ್ನುವುದು ಇದಕ್ಕೇ.

ಹೆಚ್ಚು ದೂರುಗಳು ಮುಗ್ಗರಿಸುವುದು ಅರ್ಜಿಯಲ್ಲೇ. ಅಲ್ಪಸಂಖ್ಯಾತರ ಸಂಸ್ಕೃತಿ, ಧರ್ಮ, ಭಾಷೆಯ ಬಗೆಗಿನ ಒಡಂಬಡಿಕೆಯ 27ನೇ ವಿಧಿ ಕಾಯುವುದು ವ್ಯಕ್ತಿಗಳ ಹಕ್ಕನ್ನು. ಹಾಗಾಗಿ ಸಂಘದ ಹೆಸರು ಸಾಲದು, ನೊಂದವರೇ ದೂರುದಾರರಾಗಬೇಕು. ಹಲವರು ಒಟ್ಟಾಗಿ ಕೊಡಬಹುದು. ಬರಹ 20 ಪುಟ ದಾಟಿದರೆ 5 ಪುಟದೊಳಗಿನ ಸಾರಾಂಶ ಲಗತ್ತಿಸಬೇಕು. ದೇಶದೊಳಗಿನ ಎಲ್ಲ ಮೇಲ್ಮನವಿ ಮುಗಿದಿರಬೇಕೆಂಬುದು ನಿಯಮ. ಪರಿಹಾರ ವಿಪರೀತ ವಿಳಂಬವಾದರೆ ಅಥವಾ ನಿಜಕ್ಕೂ ಸಿಗುವಂತಿಲ್ಲದಿದ್ದರೆ ವಿನಾಯಿತಿ ಉಂಟು. ಆದರೆ "ಇಲ್ಲಿನ ಕೋರ್ಟನ್ನು ನಂಬಲಾಗದು" ಎಂದಷ್ಟೇ ಬರೆದರೆ ನಡೆಯದು. ಅರ್ಜಿ ನಿರಾಕರಿಸಿದ ಹಿಂಬರಹ, ಅಂಚೆ ರಸೀದಿ, ಮುಂದೂಡಿದ ದಿನಾಂಕಗಳು ಜೊತೆಗಿರಲಿ. ಮೇಲ್ಮನವಿ ಮುಗಿದು 5 ವರ್ಷವಾದ ಮೇಲೆ ಬಂದ ದೂರನ್ನು ಸಮಿತಿ ಹಕ್ಕಿನ ದುರುಪಯೋಗವೆಂದು ತಳ್ಳಿಹಾಕಬಹುದು.

ಅನಾಮಧೇಯ ದೂರಿಗೆ ಅವಕಾಶವಿಲ್ಲ. ಸಾರ್ವಜನಿಕ ದಾಖಲೆಯಲ್ಲಿ ಹೆಸರು ಮುಚ್ಚಿಡುವಂತೆ ಕೋರಬಹುದು, ಸರ್ಕಾರಕ್ಕಂತೂ ಅದು ಗೊತ್ತಾಗುತ್ತದೆ. ದೇಶದಲ್ಲೇ ಉಳಿಯುವ ಕುಟುಂಬವಿದ್ದರೆ ದೂರಿಗೆ ಸಹಿ ಹಾಕುವ ಮುನ್ನ ಇದನ್ನು ಅವರೊಂದಿಗೆ ಮಾತಾಡಿಕೊಳ್ಳಬೇಕು. ಗಡೀಪಾರಿನಂಥ ಸರಿಪಡಿಸಲಾಗದ ಹಾನಿ ಎದುರಿದ್ದರೆ ಮಧ್ಯಂತರ ಕ್ರಮದ (ತೀರ್ಮಾನದವರೆಗೆ ಅದನ್ನು ತಡೆಯಿರೆಂಬ) ಕೋರಿಕೆಯನ್ನು ಮೊದಲ ಪುಟದಲ್ಲೇ ಬರೆಯುವುದು ಲೇಸು. ಉತ್ತರಿಸಲು ಸರ್ಕಾರಕ್ಕೆ 6 ತಿಂಗಳಿದೆ.

ಗೆದ್ದರೆ? ತೀರ್ಪನ್ನು ಜಾರಿ ಮಾಡಿಸುವ ಪೊಲೀಸರಿಲ್ಲ. ಮೂಲನಿವಾಸಿ ಮಹಿಳೆ ಸ್ಯಾಂಡ್ರಾ ಲವ್‌ಲೇಸ್ ಪ್ರಕರಣದಲ್ಲಿ ಸಮಿತಿಯ 1981ರ ಅಭಿಪ್ರಾಯದ (ಅದರ ತೀರ್ಮಾನಕ್ಕೆ ಇದೇ ಹೆಸರು) ನಂತರ ಕೆನಡಾ 1985ರಲ್ಲಿ ಕಾನೂನು ತಿದ್ದಿತು. ನಾಚಿಕೆ ಉಳಿದಿದ್ದ ಸರ್ಕಾರ ಅದು. ನಾಚಿಕೆ ಬಿಟ್ಟವರಿಗೆ ಅಭಿಪ್ರಾಯವೆಂದರೆ ಬರೀ ಕಾಗದ.

ಇನ್ನೊಂದು ದಾರಿಯೂ ಉಂಟು: ವಿಶ್ವಸಂಸ್ಥೆ ನೇಮಿಸಿದ ಸ್ವತಂತ್ರ ತಜ್ಞರಾದ ಅಲ್ಪಸಂಖ್ಯಾತರ ವಿಷಯದ ವಿಶೇಷ ವರದಿಗಾರರಿಗೆ ಬರೆಯಲು ದೇಶದ ಒಪ್ಪಿಗೆಯೂ ಬೇಡ, ಮೇಲ್ಮನವಿ ಮುಗಿಯುವುದೂ ಬೇಡ. ಅವರು ಸರ್ಕಾರಕ್ಕೆ ಬರೆಯುವ ಆಕ್ಷೇಪಣೆಯ ಪತ್ರ ಸಾಮಾನ್ಯವಾಗಿ 60 ದಿನಗಳ ನಂತರ ಬಹಿರಂಗವಾಗುತ್ತದೆ. ಅಲ್ಲಿ ಬರೆದರೆ ಸಮಿತಿಯ ದಾರಿ ಮುಚ್ಚುವುದಿಲ್ಲ, ಆದ್ದರಿಂದ ಅದನ್ನೇ ಮೊದಲು ಮಾಡಿ. ವಿಶ್ವಸಂಸ್ಥೆಯದೇ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿಗೆ ಅದೇ ದೂರು ಕೊಡುವುದಾದರೆ ಮಾತು ಬೇರೆ: ಎರಡೂ ಸಮಿತಿ ಒಟ್ಟಿಗೆ ವಿಚಾರಿಸುವುದಿಲ್ಲ, ಅಲ್ಲಿನ ಕಾಲಮಿತಿಯೂ ಮೇಲ್ಮನವಿ ಮುಗಿದ ಮೇಲೆ ಕೇವಲ 6 ತಿಂಗಳು.